ಕನಿಷ್ಠ ವೇತನ ಏರಿಸಿದರೆ ನಿಜವಾಗಲೂ ಕೆಲಸ ಹೋಗುತ್ತಾ? ಅಣ್ಣನ ಜೊತೆ ವಾದ ಮುಗಿಯುತ್ತಿಲ್ಲ

ಶೈಲಾ:

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣ ರಟ್ಟಿನ ಡಬ್ಬ ಮಾಡುವ ಸಣ್ಣ ಘಟಕ ನಡೆಸುತ್ತಾನೆ. ಕನಿಷ್ಠ ವೇತನ ಏರಿಸುವ ಸುದ್ದಿ ಟಿವಿಯಲ್ಲಿ ಬಂದರೆ ಸಾಕು, ನಮ್ಮಿಬ್ಬರ ಮಧ್ಯೆ ವಾದ ಶುರು. ಅವನು ಹೇಳುವುದು ಒಂದೇ: "ಸರ್ಕಾರ ಕೂಲಿ ಏರಿಸಿದರೆ ನಾನು ಆಳು ಕಡಿಮೆ ಮಾಡಬೇಕಾಗುತ್ತದೆ. ನಷ್ಟ ಅವರಿಗೇ." ನಾನು ಹೇಳುವುದು: ದಿನಪೂರ್ತಿ ದುಡಿದವರ ಮನೆ ಆ ದುಡಿಮೆಯಲ್ಲಿ ನಡೆಯಬೇಕು, ಅಲ್ವಾ?

ಅಣ್ಣ ಕೆಟ್ಟವನಲ್ಲ. ಕೆಲಸದವರ ಜೊತೆ ತಾನೂ ಮೆಷಿನ್ ಮುಂದೆ ನಿಲ್ಲುತ್ತಾನೆ. ಅದಕ್ಕೇ ಅವನ ಮಾತನ್ನು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ರಾಜಕೀಯದವರ ಮಾತು ಕೇಳಿದರೆ ಇನ್ನೂ ಗೊಂದಲ. ಒಂದು ಪಕ್ಷ ಲಕ್ಷಾಂತರ ಕೆಲಸ ಹೋಗುತ್ತದೆ ಅನ್ನುತ್ತದೆ, ಇನ್ನೊಂದು ಬಡತನ ಇಳಿಯುತ್ತದೆ ಅನ್ನುತ್ತದೆ. ಇಬ್ಬರ ಕೈಯಲ್ಲೂ ಒಂದೊಂದು ವರದಿ. ಏರಿಸಿದ ಕಡೆ ನಿಜಕ್ಕೂ ಏನಾಯಿತು? ಗೊತ್ತಿರುವವರು ಬಿಡಿಸಿ ಹೇಳಿ.

ಪೇರೋಲ್ ಮಂಜು:

ಶೈಲಾ ಅವರೇ, ನಾನು ಸಂಬಳದ ಲೆಕ್ಕ ಮಾಡುವವನು. ಕನಿಷ್ಠ ವೇತನ ಏರಿದ ತಿಂಗಳು ಮಾಲೀಕರು ಏನೇನು ಮಾಡುತ್ತಾರೆ ಅನ್ನುವುದು ಮೊದಲು ಕಾಣುವುದೇ ನಮಗೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಅಣ್ಣನ ಮಾತನ್ನೇ ಅರ್ಥಶಾಸ್ತ್ರದ ಪಾಠದಲ್ಲೂ ಬಹಳ ಕಾಲ ಹೇಳಿಕೊಡುತ್ತಿದ್ದರು. ಅದನ್ನು ಅಲುಗಾಡಿಸಿದ್ದು ಅಮೆರಿಕದ ನ್ಯೂಜೆರ್ಸಿ ರಾಜ್ಯ. 1992ರ ಏಪ್ರಿಲ್‌ನಲ್ಲಿ ಅಲ್ಲಿ ಗಂಟೆಯ ಕನಿಷ್ಠ ವೇತನ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲ್‌ಗಳನ್ನು ಹಿಡಿದು, ಏರಿಕೆಗೆ ಮುಂಚೆ ಎಷ್ಟು ಜನ ಇದ್ದರು, ಆಮೇಲೆ ಎಷ್ಟು ಜನ ಇದ್ದಾರೆ ಅಂತ ವಿಚಾರಿಸಿದರು. 1994ರಲ್ಲಿ ಅದು ಪ್ರಕಟವಾಯಿತು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು. ಅಷ್ಟರಲ್ಲಿ ಕ್ರೂಗರ್ ತೀರಿಕೊಂಡಿದ್ದರು.

ಹಾಗಂತ ಎಲ್ಲರೂ ಒಪ್ಪಿಬಿಡಲಿಲ್ಲ. ನ್ಯೂಮಾರ್ಕ್ ಮತ್ತು ವಾಶರ್ ಎಂಬ ಇಬ್ಬರು ಅದೇ ಹೋಟೆಲ್ ವ್ಯಾಪಾರದ ಪೇರೋಲ್ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿ, ಇಲ್ಲ, ಕೆಲಸ ಇಳಿದಿದೆ ಅಂದರು. ಆ ಜಗಳ ಇವತ್ತಿಗೂ ನಿಂತಿಲ್ಲ.

ಕೂಲಿ ಏರಿದರೂ ಆಳು ಯಾಕೆ ಕಡಿಮೆಯಾಗುವುದಿಲ್ಲ ಅಂತ ನನ್ನನ್ನು ಕೇಳಿದರೆ, ಜನ ಬಿಟ್ಟು ಹೋಗುವ ಖರ್ಚನ್ನು ನೋಡಿ ಅನ್ನುತ್ತೇನೆ. ಸಂಬಳ ಕಡಿಮೆ ಇರುವ ಕಡೆ ಒಬ್ಬರು ಕೆಲಸ ಕಲಿಯುವ ಹೊತ್ತಿಗೆ ಬಿಟ್ಟು ಹೋಗಿರುತ್ತಾರೆ. ಹೊಸಬರನ್ನು ಹುಡುಕಬೇಕು, ಕಲಿಸಬೇಕು, ಅಲ್ಲಿಯವರೆಗೆ ಹಾಳಾದ ಮಾಲು ಸಹಿಸಬೇಕು. ಈ ಖರ್ಚಿಗೆ ಲೆಕ್ಕದ ಪುಸ್ತಕದಲ್ಲಿ ಬೇರೆ ಸಾಲು ಇರುವುದಿಲ್ಲ, ಆದರೆ ದುಡ್ಡು ಹೋಗುತ್ತಿರುತ್ತದೆ. ಕೂಲಿ ಏರಿದರೆ ಜನ ನಿಲ್ಲುತ್ತಾರೆ, ಈ ನಷ್ಟ ಇಳಿಯುತ್ತದೆ. ಇನ್ನೊಂದು ಕಾರಣವೂ ಇದೆ. ಕೆಲಸ ಕೊಡುವವರು ಒಬ್ಬಿಬ್ಬರೇ ಇರುವ ಕಡೆ ಅವರು ಹೇಳಿದ್ದೇ ಕೂಲಿ. ಅಂಥ ಕಡೆ ಕೂಲಿ ಇರಬೇಕಾದ್ದಕ್ಕಿಂತ ಕೆಳಗೇ ಇರುತ್ತದೆ, ಹಾಗಾಗಿ ಏರಿಸಿದರೂ ಕೆಲಸ ಹೋಗಬೇಕೆಂದಿಲ್ಲ. ಜೋನ್ ರಾಬಿನ್ಸನ್ ಎಂಬ ಅರ್ಥಶಾಸ್ತ್ರಜ್ಞೆ ಇದನ್ನು 1933ರಲ್ಲೇ ಬರೆದಿದ್ದರು.

ಎರಡು ಪಕ್ಷದ ಎರಡು ವರದಿ ಅಂದಿರಲ್ಲ, ಎಷ್ಟೋ ಸಲ ಅದು ಒಂದೇ ವರದಿ! ಅಮೆರಿಕದಲ್ಲಿ ಗಂಟೆಗೆ 15 ಡಾಲರ್ ಮಾಡುವ ಮಸೂದೆ ಬಂದಾಗ ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ 2021ರಲ್ಲಿ ಅಂದಾಜು ಕೊಟ್ಟಿತು. ಸುಮಾರು 14 ಲಕ್ಷ ಕೆಲಸ ಕಡಿಮೆಯಾಗಬಹುದು, ಸುಮಾರು 9 ಲಕ್ಷ ಜನ ಬಡತನದಿಂದ ಮೇಲೆ ಬರಬಹುದು. ವಿರೋಧಿಸಿದವರು ಮೊದಲ ಸಾಲು ಓದಿದರು, ಬೆಂಬಲಿಸಿದವರು ಎರಡನೆಯದನ್ನು. ಎರಡನ್ನೂ ಒಟ್ಟಿಗೆ ಓದಿ ತೂಗಬೇಕಾದದ್ದು ನಾವು.

ಸಣ್ಣ ಉದ್ಯಮಿ:

ಮಂಜು ಸರ್, ಫಾಸ್ಟ್‌ಫುಡ್ ಹೋಟೆಲ್‌ನವರು ತಿಂಡಿಯ ಬೆಲೆ ಸ್ವಲ್ಪ ಏರಿಸಿದರೆ ಗಿರಾಕಿ ಗೊಣಗಿಕೊಂಡಾದರೂ ಕೊಡುತ್ತಾನೆ. ನಮ್ಮಂಥವರು ಏನು ಮಾಡಬೇಕು? ದೊಡ್ಡ ಕಂಪನಿಗೆ ಮಾಲು ಕೊಡುತ್ತೇವೆ. ವರ್ಷದ ದರ ಮೊದಲೇ ಬರೆದು ಸಹಿ ಹಾಕಿರುತ್ತೇವೆ. ಮಧ್ಯದಲ್ಲಿ ಕೂಲಿ ಏಕ್‌ದಂ ಏರಿದರೆ ಆ ಹಣ ನನ್ನ ಜೇಬಿನಿಂದಲೇ ಹೋಗಬೇಕು. ಇದ್ದವರನ್ನು ನಾನು ತೆಗೆಯುವುದಿಲ್ಲ, ನಿಜ. ಆದರೆ ಒಬ್ಬರು ತಾವಾಗಿ ಬಿಟ್ಟು ಹೋದರೆ ಆ ಜಾಗ ತುಂಬುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಅದು ಕೆಲಸ ಹೋದ ಹಾಗೆ ಕಾಣುವುದಿಲ್ಲ, ಆದರೆ ಹೋದ ಹಾಗೇ.

ಹಳಬರ ವಿಷಯ ಯಾರೂ ಮಾತಾಡುವುದಿಲ್ಲ. ಎಂಟು ಹತ್ತು ವರ್ಷದಿಂದ ಇರುವ ಕಟಿಂಗ್‌ನವನಿಗೆ ಹೊಸಬನಿಗಿಂತ ಜಾಸ್ತಿ ಕೊಡುತ್ತಿದ್ದೆ. ಕೆಳಗಿನ ಹಂತ ಏರಿ ಇಬ್ಬರ ಸಂಬಳವೂ ಹೆಚ್ಚುಕಮ್ಮಿ ಒಂದೇ ಆಯಿತು. ಅವನು ಸಂಬಳದ ದಿನ ಸ್ಲಿಪ್ ಹಿಡಿದು ಬಂದು ನಿಂತರೆ ನಾನು ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಅವನಿಗೂ ಏರಿಸಲೇಬೇಕು. ಸರ್ಕಾರ ಹೇಳುವ ಖರ್ಚೇ ಬೇರೆ, ನನಗೆ ಬೀಳುವುದೇ ಬೇರೆ.

ಇನ್ನು ಕಾನೂನು ಪಾಲಿಸುವವನಿಗೇ ಪೆಟ್ಟು. ಪುಸ್ತಕದಲ್ಲಿ ಒಂದು ಬರೆದು ಕೈಗೆ ಇನ್ನೊಂದು ಕೊಡುವವನು ಟೆಂಡರ್‌ನಲ್ಲಿ ನನಗಿಂತ ಕಡಿಮೆ ದರ ಹಾಕುತ್ತಾನೆ. ಮೊದಲು ಅವನನ್ನು ಹಿಡಿಯಲಿ.

ರೇಣುಕಾ:

ನಾನು ಕೂಲಿ ಪಡೆಯುವ ಕಡೆಯವಳು. ಹೊಸ ದರ ಬಂದ ತಿಂಗಳು ನಾವೆಲ್ಲ ಖುಷಿಯಲ್ಲಿದ್ದೆವು. ಸ್ಲಿಪ್ ಕೈಗೆ ಬಂತು. ಬೇಸಿಕ್ ಏರಿತ್ತು. ಅದರ ಕೆಳಗೆ ಹಾಜರಿ ಭತ್ಯೆ ಅಂತ ಒಂದು ಸಾಲು ಇರುತ್ತಿತ್ತು, ಅದು ಮಾಯ. ಪ್ರಯಾಣ ಭತ್ಯೆ ಅರ್ಧ ಆಗಿತ್ತು. ಕೊನೆಯಲ್ಲಿ ಕೈಗೆ ಬಂದದ್ದು ಹಿಂದಿನಷ್ಟೇ. ಕೇಳಿದ್ದಕ್ಕೆ, "ಕನಿಷ್ಠ ವೇತನ ಕೊಟ್ಟಿದ್ದೇವಲ್ಲ" ಅಂದರು. ಆಮೇಲೆ ಓಟಿಯನ್ನೂ ಕಡಿಮೆ ಮಾಡಿದರು, ಆದರೆ ಮುಗಿಸಬೇಕಾದ ಪೀಸ್ ಅಷ್ಟೇ ಇತ್ತು. ನೀರು ಕುಡಿಯಲು ಏಳುವುದಕ್ಕೂ ಯೋಚನೆ ಮಾಡುವ ಹಾಗಾಯಿತು.

ಟಿವಿಯಲ್ಲಿ ದರ ಎಷ್ಟು ಅನ್ನುವುದೊಂದೇ ಚರ್ಚೆ. ಎಷ್ಟು ಗಂಟೆ ಕೆಲಸ ಸಿಗುತ್ತದೆ, ಯಾವ ಭತ್ಯೆಯನ್ನು ತೆಗೆಯುವ ಹಾಗಿಲ್ಲ ಅಂತಲೂ ಕೇಳಿ ಅನ್ನುವುದೇ ನನ್ನ ಮಾತು.

ಪೇರೋಲ್ ಮಂಜು:

ರೇಣುಕಾ ಅವರೇ, ನೀವು ಬರೆದದ್ದು ಬಹಳ ಮುಖ್ಯ. ಅಮೆರಿಕದ ಸಿಯಾಟಲ್ ನಗರದಲ್ಲೂ ಇದೇ ಪ್ರಶ್ನೆ ಎದ್ದಿತ್ತು. 2014ರಲ್ಲಿ ಅಲ್ಲಿ ಹಂತ ಹಂತವಾಗಿ 15 ಡಾಲರ್‌ಗೆ ಹೋಗುವ ಕಾನೂನು ಬಂತು. 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ಕಡಿಮೆ ಸಂಬಳದವರಿಗೆ ಸಿಗುವ ಗಂಟೆಗಳು ಸುಮಾರು ಶೇಕಡ 9ರಷ್ಟು ಇಳಿದಿವೆ ಅಂದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಹೋಟೆಲ್ ಕೆಲಸ ನೋಡಿ, ಸಂಬಳ ಏರಿದೆ, ಕೆಲಸ ಕಡಿಮೆಯಾಗಿಲ್ಲ ಅಂದರು. ಮೊದಲನೆಯವರ ಲೆಕ್ಕದಲ್ಲಿ ಹಲವು ಶಾಖೆ ಇರುವ ದೊಡ್ಡ ಕಂಪನಿಗಳು ಸೇರಿರಲಿಲ್ಲ ಅನ್ನುವುದನ್ನೂ ನೆನಪಿಡಬೇಕು. ಮುಂದಿನ ವರ್ಷ ಅದೇ ತಂಡ ಇನ್ನೊಂದು ವಿಷಯ ಹೇಳಿತು: ಅನುಭವ ಇದ್ದವರಿಗೆ ಲಾಭವಾಗಿದೆ, ಹೊಸದಾಗಿ ಕೆಲಸಕ್ಕೆ ಸೇರುವವರು ಕಡಿಮೆಯಾಗಿದ್ದಾರೆ. ಉದ್ಯಮಿ ಸರ್ ಹೇಳಿದ ಖಾಲಿ ಜಾಗದ ಮಾತಿಗೂ ಇದಕ್ಕೂ ಹತ್ತಿರದ ನಂಟು.

ನನಗೆ ಅನ್ನಿಸುವುದು ಹೀಗೆ. ಏರಿಸಬೇಕಾ ಬೇಡವಾ ಅನ್ನುವ ಜಗಳದಲ್ಲಿ ಯಾರು, ಯಾವಾಗ ಏರಿಸಬೇಕು ಅನ್ನುವುದು ಮರೆತೇ ಹೋಗುತ್ತದೆ. ನನ್ನ ಪ್ರಕಾರ ಅಸಲಿ ಸಮಸ್ಯೆ ಅಲ್ಲೇ ಇದೆ. ಅಮೆರಿಕದ ಕೇಂದ್ರ ಸರ್ಕಾರದ ದರ 2009ರ ಜುಲೈನಲ್ಲಿ 7.25 ಡಾಲರ್ ಆಯಿತು. ಅದಾದ ಮೇಲೆ ಹದಿನೈದು ವರ್ಷ ಕಳೆದರೂ ಅದು ಅಲುಗಲಿಲ್ಲ. ಬಾಡಿಗೆ, ಔಷಧಿ, ಬಸ್ಸಿನ ದರ ಯಾವುದೂ ನಿಂತಿರಲಿಲ್ಲ. ಯಾರೂ ಮತ ಹಾಕದೆ, ಯಾರೂ ಭಾಷಣ ಮಾಡದೆ ಆ ಕೂಲಿ ವರ್ಷ ವರ್ಷ ಕಡಿತವಾಗುತ್ತಲೇ ಬಂತು. ಹೀಗೆ ವರ್ಷಗಟ್ಟಲೆ ಸುಮ್ನೆ ಬಿಟ್ಟು ಒಮ್ಮೆಲೇ ಏರಿಸಲು ಹೊರಟರೆ ಸಣ್ಣ ಮಾಲೀಕರು ಬೆಚ್ಚಿಬೀಳುತ್ತಾರೆ. ಅವರ ಭಯ ಸುಳ್ಳಲ್ಲ. ಆದರೆ ಆ ಭಯ ಹುಟ್ಟಿದ್ದು ತಡಮಾಡಿದ್ದರಿಂದ.

ಬ್ರಿಟನ್ ಬೇರೆ ದಾರಿ ಹಿಡಿಯಿತು. 1999ರಲ್ಲಿ ಗಂಟೆಗೆ 3.60 ಪೌಂಡ್‌ನಿಂದ ಶುರುವಾಯಿತು. ಅಲ್ಲಿ ಲೋ ಪೇ ಕಮಿಷನ್ ಅಂತ ಒಂದಿದೆ. ಒಂಬತ್ತು ಜನ: ಮೂವರು ಮಾಲೀಕರ ಕಡೆಯಿಂದ, ಮೂವರು ಕಾರ್ಮಿಕರ ಕಡೆಯಿಂದ, ಮೂವರು ಸ್ವತಂತ್ರರು. ಪ್ರತಿ ವರ್ಷ ಲೆಕ್ಕ ನೋಡಿ ಇಷ್ಟು ಏರಿಸಿ ಅಂತ ಸರ್ಕಾರಕ್ಕೆ ಹೇಳುತ್ತಾರೆ. ಆ ಕಾನೂನು ಬಂದಾಗ ಕನ್ಸರ್ವೇಟಿವ್ ಪಕ್ಷ ವಿರೋಧಿಸಿತ್ತು. 2015ರಲ್ಲಿ ಅದೇ ಪಕ್ಷದ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಇನ್ನೂ ಹೆಚ್ಚಿನ ದರ ಘೋಷಿಸಿದರು. 2025ರ ಏಪ್ರಿಲ್‌ಗೆ ಅದು 12.21 ಪೌಂಡ್ ಆಯಿತು. ಮೊದಲೇ ಗೊತ್ತಿರುವ ಏರಿಕೆಗೆ ಮಾಲೀಕರು ತಯಾರಾಗುತ್ತಾರೆ.

ಮೊತ್ತ ಯಾವ ಆಧಾರದ ಮೇಲೆ ಅನ್ನುವುದಕ್ಕೂ ದಾರಿ ಇದೆ. ಭಾರತದ 15ನೇ ಕಾರ್ಮಿಕ ಸಮ್ಮೇಳನ 1957ರಲ್ಲೇ ಅಳತೆ ಹಾಕಿಕೊಟ್ಟಿತ್ತು: ಒಬ್ಬರ ದುಡಿಮೆಗೆ ಮೂರು ಯೂನಿಟ್‌ನ ಕುಟುಂಬ (ಅಂದರೆ ಖರ್ಚಿನ ಲೆಕ್ಕದಲ್ಲಿ ಮೂವರು ದೊಡ್ಡವರಿಗೆ ಸಮ), ಯೂನಿಟ್‌ಗೆ ದಿನಕ್ಕೆ 2,700 ಕ್ಯಾಲರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು. ಮಕ್ಕಳ ಓದು, ಔಷಧಿಯಂಥ ಖರ್ಚಿಗೆ ಇನ್ನೂ ಶೇಕಡ 25 ಸೇರಬೇಕು ಅಂತ ಸುಪ್ರೀಂ ಕೋರ್ಟ್ ಆಮೇಲೆ ಹೇಳಿತು. ವೇದಿಕೆ ಮೇಲೆ ಕೂಗುವ ಸಂಖ್ಯೆಗಿಂತ ಇಂಥ ಲೆಕ್ಕದ ಮೇಲೆ ನನಗೆ ನಂಬಿಕೆ ಜಾಸ್ತಿ.

ಶೈಲಾ:

ಎಲ್ಲರಿಗೂ ಥ್ಯಾಂಕ್ಸ್. ಅಣ್ಣನಿಗೆ ಓದಿ ಹೇಳಿದೆ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರಿದರೆ ತನಗೂ ಅಡ್ಡಿ ಇಲ್ಲ ಅಂದ, ಮೊತ್ತದ ವಿಷಯದಲ್ಲಿ ಇನ್ನೂ ಜಗ್ಗುತ್ತಿಲ್ಲ. ರೇಣುಕಾ ಅಕ್ಕನ ಸ್ಲಿಪ್ ಕತೆ ಕೇಳಿ ಮಾತ್ರ ಸುಮ್ಮನಾದ. ಉದ್ಯಮಿ ಸರ್, ಅವನದ್ದೂ ನಿಮ್ಮ ಹಾಗೇ ವರ್ಷದ ದರದ ಒಪ್ಪಂದ. ಅದಕ್ಕೆ ಏನಾದರೂ ದಾರಿ ಇದೆಯಾ?

ಸಣ್ಣ ಉದ್ಯಮಿ:

ಇದೆಯಮ್ಮ. ಹೊಸ ಒಪ್ಪಂದ ಬರೆಯುವಾಗ ಡಬ್ಬದ ದರದಲ್ಲಿ ಕಾಗದಕ್ಕೆ ಎಷ್ಟು, ಕೂಲಿಗೆ ಎಷ್ಟು ಅಂತ ಬಿಡಿಸಿ ತೋರಿಸಲು ಹೇಳಿ. ಸರ್ಕಾರ ಕನಿಷ್ಠ ವೇತನ ಏರಿಸಿದರೆ ಕೂಲಿಯ ಪಾಲು ಮಾತ್ರ ಅಷ್ಟೇ ಪ್ರಮಾಣದಲ್ಲಿ ಏರಬೇಕು ಅಂತ ಒಂದು ಷರತ್ತು ಸೇರಿಸಲಿ. ಒಬ್ಬರೇ ಕೇಳಿದರೆ ಖರೀದಿದಾರರು ಬೇರೆಯವರ ಹತ್ತಿರ ಹೋಗುತ್ತಾರೆ, ಅದಕ್ಕೇ ನಾವು ಐದಾರು ಘಟಕದವರು ಸೇರಿ ಕೇಳಿದೆವು. ಇಬ್ಬರು ಖರೀದಿದಾರರು ಒಪ್ಪಿದ್ದಾರೆ, ಒಬ್ಬರು ಇನ್ನೂ ಒಪ್ಪಿಲ್ಲ. ಬೇಕಾದರೆ ಆ ಷರತ್ತಿನ ಒಕ್ಕಣೆ ಕಳಿಸುತ್ತೇನೆ, ಅಣ್ಣನಿಗೆ ಮೆಸೇಜ್ ಮಾಡಲು ಹೇಳಿ.