ಮಹಿಳಾ ವಿಜ್ಞಾನಿಗಳ ವಿಕಿಪೀಡಿಯ ಪುಟ: ಕರಡು ಏಕೆ ತಿರಸ್ಕೃತವಾಗುತ್ತದೆ?

ಪ್ರಶ್ನೆ (ರಸಾಯನಶಾಸ್ತ್ರ ಪ್ರಾಧ್ಯಾಪಕಿ):
ಎಲ್ಲರಿಗೂ ನಮಸ್ಕಾರ. ಬೋಧನೆಯಿಂದ ಬಿಡುವಾದಾಗಲೆಲ್ಲ ವಿಕಿಪೀಡಿಯದಲ್ಲಿ ಮಹಿಳಾ ವಿಜ್ಞಾನಿಗಳ ಜೀವನಚರಿತ್ರೆಗಳನ್ನು ಬರೆಯುವ ಮತ್ತು ಈಗಿರುವ ಪುಟಗಳನ್ನು ತಿದ್ದುವ ಕೆಲಸವನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡಿದ್ದೇನೆ. ಆದರೆ ವಿಜ್ಞಾನಿಯೊಬ್ಬರ ಸಂಶೋಧನಾ ಪ್ರಬಂಧಗಳನ್ನೂ ಅವರ ವಿಭಾಗದ ಜಾಲಪುಟವನ್ನೂ ಉಲ್ಲೇಖಿಸಿ ಸಲ್ಲಿಸಿದ ಕರಡು, ಸ್ವತಂತ್ರ ಆಕರಗಳಿಲ್ಲವೆಂಬ ಟಿಪ್ಪಣಿಯೊಂದಿಗೆ ಹಿಂದಿರುಗಿದೆ. ಪ್ರಕಟಿತ ಸಂಶೋಧನೆಗಿಂತ ಮಿಗಿಲಾದ ಆಕರ ಯಾವುದು? ಸಹೋದ್ಯೋಗಿಯೊಬ್ಬರ ಬಗ್ಗೆ ನಾನೇ ಬರೆಯಬಹುದೇ ಎಂಬುದನ್ನೂ ತಿಳಿಸಿ.

ಉತ್ತರ (ಅನುಭವಿ ಸಂಪಾದಕ):
ಮೇಡಂ, ವಿಜ್ಞಾನಿ ಏನು ಮಾಡಿದರು ಎಂಬುದನ್ನು ಪ್ರಬಂಧ ಹೇಳುತ್ತದೆಯೇ ಹೊರತು, ಅದನ್ನು ಬೇರೆಯವರು ಗಣನೆಗೆ ತೆಗೆದುಕೊಂಡರೇ ಎಂಬುದನ್ನಲ್ಲ. ಪರಿಶೀಲಕರು ಕೇಳುವುದು ಈ ಎರಡನೆಯದನ್ನು. ಡೋನಾ ಸ್ಟ್ರಿಕ್‌ಲ್ಯಾಂಡ್ ಅವರ ಕುರಿತ ಕರಡು 2018ರ ಮೇ ತಿಂಗಳಲ್ಲಿ ಇದೇ ಕಾರಣಕ್ಕೆ ತಿರಸ್ಕೃತವಾಗಿತ್ತು. ಅಕ್ಟೋಬರ್ 2ರಂದು ಅವರಿಗೆ ಭೌತಶಾಸ್ತ್ರದ ನೊಬೆಲ್ ಘೋಷಣೆಯಾದ ಮೇಲಷ್ಟೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಪುಟ ನಿಂತಿತು. ವಾಸ್ತವವಾಗಿ ಅವರು 2013ರಲ್ಲೇ ಬೆಳಕಿನ ವಿಜ್ಞಾನದ ವಿದ್ವತ್ ಸಂಸ್ಥೆಯಾದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದವರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ವಿದ್ವಾಂಸರಿಗೆಂದೇ ಇರುವ ಗಮನಾರ್ಹತೆಯ (ಅಂದರೆ ಪ್ರತ್ಯೇಕ ಪುಟಕ್ಕೆ ಅರ್ಹರೇ ಎಂಬುದರ) ಮಾನದಂಡದ ಪ್ರಕಾರ, ಪ್ರತಿಷ್ಠಿತ ಪ್ರಶಸ್ತಿ ಅಥವಾ ಪ್ರಮುಖ ವಿದ್ವತ್ ಸಂಸ್ಥೆಯ ಚುನಾಯಿತ ಫೆಲೋ ಸ್ಥಾನ, ಇವುಗಳಲ್ಲಿ ಒಂದಿದ್ದರೂ ಸಾಕು. ನಿಮ್ಮ ಕರಡಿನಲ್ಲಿ ಅಂಥ ಸಂಗತಿ ಇದ್ದರೆ ಅದನ್ನು ಕೊನೆಯ ಪ್ಯಾರಾದಲ್ಲಿ ಹುದುಗಿಸದೆ, ಆರಂಭದಲ್ಲೇ ಉಲ್ಲೇಖಸಹಿತ ಹೇಳಿ. ಸಹೋದ್ಯೋಗಿಯ ವಿಷಯದಲ್ಲಿ ಹಿತಾಸಕ್ತಿ ಸಂಘರ್ಷದ ನಿಯಮ ಅನ್ವಯಿಸುತ್ತದೆ. ಸಂಬಂಧವನ್ನು ಬಹಿರಂಗಪಡಿಸಿ, ಬೇಕಾದ ತಿದ್ದುಪಡಿಯನ್ನು ಚರ್ಚಾಪುಟದಲ್ಲಿ ಸೂಚಿಸುವುದು ಒಳ್ಳೆಯದು.

ಉತ್ತರ (ಗ್ರಂಥಪಾಲಕಿ):
ವಿಜ್ಞಾನ ಪತ್ರಿಕೆಗಳ ಶ್ರದ್ಧಾಂಜಲಿ ಲೇಖನಗಳು, ಇತರರು ಬರೆದ ಸಮೀಕ್ಷಾ ಲೇಖನಗಳು, ವಿಜ್ಞಾನದ ಇತಿಹಾಸದ ಪುಸ್ತಕಗಳು ಸ್ವತಂತ್ರ ಆಕರಗಳಾಗುತ್ತವೆ. ಇವು ಎಲ್ಲಿ ಸಿಗುತ್ತವೆಂದು ಆಯಾ ಕ್ಷೇತ್ರದವರಿಗೆ ತಿಳಿದಿರುವಷ್ಟು ನಮಗೆ ತಿಳಿದಿರುವುದಿಲ್ಲ. ವಿಭಾಗದ ಜಾಲಪುಟದ ಪರಿಚಯವನ್ನು ಮಾತ್ರ ಯಥಾವತ್ತಾಗಿ ನಕಲಿಸಬೇಡಿ, ಹಕ್ಕುಸ್ವಾಮ್ಯದ ಕಾರಣಕ್ಕೆ ಪುಟವನ್ನೇ ಅಳಿಸಿಬಿಡುತ್ತಾರೆ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಈಗಾಗಲೇ ಇರುವ ಕೆಲವು ಪುಟಗಳಲ್ಲಿ ಪತಿಯ ಹುದ್ದೆ ಮೊದಲ ಸಾಲಿನಲ್ಲೂ ಸಂಶೋಧನೆ ಕೊನೆಯಲ್ಲೂ ಬರುತ್ತದೆ. ಕ್ರಮ ಬದಲಿಸಿದರೆ ಆಕ್ಷೇಪ ಬಂದೀತೇ?

ಉತ್ತರ (ಜೀವಶಾಸ್ತ್ರ ಅಧ್ಯಾಪಕ):
ಬರಲಾರದು, ತಿದ್ದುಪಡಿಯ ಸಾರಾಂಶದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಬರೆದರಾಯಿತು. ಆದರೆ ಸಂಶೋಧನೆಯನ್ನು ಮೇಲಕ್ಕೆ ತರುವ ಉತ್ಸಾಹದಲ್ಲಿ "ಮಹಾನ್ ಸಾಧಕಿ", "ಸ್ಫೂರ್ತಿಯ ಸೆಲೆ" ಎಂಬಂಥ ವಿಶೇಷಣಗಳನ್ನು ತುಂಬಿದರೆ ಅವನ್ನು ಮತ್ತೊಬ್ಬರು ಕಿತ್ತುಹಾಕುತ್ತಾರೆ, ಮತ್ತು ಅದು ನ್ಯಾಯವೇ. ನೆಟ್ಟಿ ಸ್ಟೀವನ್ಸ್ ಅವರನ್ನು ತಳಿಶಾಸ್ತ್ರದ ತಾರೆ ಎಂದು ಹೊಗಳುವ ಬದಲು, ಟೆನೆಬ್ರಿಯೊ ಎಂಬ ಜೀರುಂಡೆಯ ಹೆಣ್ಣಿನ ಜೀವಕೋಶಗಳಲ್ಲಿ 20 ದೊಡ್ಡ ಕ್ರೋಮೋಸೋಮುಗಳೂ ಗಂಡಿನಲ್ಲಿ 19 ದೊಡ್ಡವೂ ಒಂದು ಚಿಕ್ಕದೂ ಇರುವುದನ್ನು ಗುರುತಿಸಿ, ಲಿಂಗ ನಿರ್ಧಾರಕ್ಕೂ ಆ ವ್ಯತ್ಯಾಸಕ್ಕೂ ಸಂಬಂಧವಿದೆಯೆಂದು 1905ರಲ್ಲಿ ಪ್ರಕಟಿಸಿದರು ಎಂದು ಬರೆದರೆ ಯಾರೂ ಅಲುಗಾಡಿಸಲಾರರು. ಹೀಗೆ ಬರೆಯಲು ವಿಷಯ ಬಲ್ಲವರೇ ಬೇಕು. ಅಂದ ಹಾಗೆ, ಲಿಂಗ ನಿರ್ಧಾರದ ಲೇಖನದಂಥ ಹೆಚ್ಚು ಓದುಗರಿರುವ ಪುಟಗಳಲ್ಲೂ ವಿಜ್ಞಾನಿಯ ಹೆಸರನ್ನು ಸೇರಿಸಿ ಕೊಂಡಿ ಕೊಡಿ. ಎಲ್ಲಿಂದಲೂ ಕೊಂಡಿಯಿಲ್ಲದ ಜೀವನಚರಿತ್ರೆಗೆ ಓದುಗರು ಬರುವುದು ಅಪರೂಪ.