ಸಹಾಯ ಬೇಕು: ಬರ್ಮುಡಾದ ಸೇಂಟ್ ಡೇವಿಡ್ಸ್ ದ್ವೀಪದ ವಂಶಾವಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯ ತವರು ಬರ್ಮುಡಾದ ಸೇಂಟ್ ಡೇವಿಡ್ಸ್ ದ್ವೀಪ. 17ನೇ ಶತಮಾನದಲ್ಲಿ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಯುದ್ಧಗಳಲ್ಲಿ ಸೆರೆಸಿಕ್ಕ ಮೂಲನಿವಾಸಿಗಳನ್ನು ಗುಲಾಮರಾಗಿ ಅಲ್ಲಿಗೆ ಸಾಗಿಸಿದ್ದರು. ಪೀಕ್ವಾಟ್ ಅಂದರೆ ಅಲ್ಲಿನ ಒಂದು ಮೂಲನಿವಾಸಿ ಬುಡಕಟ್ಟು; ನಾವು ಪೀಕ್ವಾಟರ ಮಕ್ಕಳು ಅಂತ ದ್ವೀಪದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಅತ್ತೆಯೂ ಹಾಗೇ ಕೇಳಿ ಬೆಳೆದವರು.

ಹುಡುಕುತ್ತಾ 1821ರ ಗುಲಾಮರ ಪಟ್ಟಿಗೆ ಬಂದು ನಿಂತಿದ್ದೇವೆ. ಹೆಸರು, ವಯಸ್ಸು, ಮೈಬಣ್ಣ, ಕೆಲಸ, ಒಡೆಯ ಯಾರು, ಎಲ್ಲಾ ಇದೆ. ಆದರೆ ನಮಗೆ ಬೇಕಾದ ಬುಡಕಟ್ಟಿನ ಸುಳಿವೇ ಇಲ್ಲ. ನೋಡಿದರೆ ಹೊಟ್ಟೆ ಉರಿಯುತ್ತೆ. ಅದಕ್ಕೂ ಹಿಂದಿನ ಚರ್ಚ್ ದಾಖಲೆ, ಉಯಿಲು, ಆಸ್ತಿಪಟ್ಟಿಗಳನ್ನು ಓದಿ ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ. ಹಳೇ ಕೈಬರಹ ಬಿಡಿಸುವುದೇ ಜಾಸ್ತಿ ಕಷ್ಟವಾಗಿದೆ.

ಕನೆಕ್ಟಿಕಟ್‌ನಲ್ಲಿರುವ ಕನ್ನಡಿಗರು ಯಾರಾದರೂ ಮ್ಯಾಶನ್‌ಟಕೆಟ್ ಪೀಕ್ವಾಟ್ ಮ್ಯೂಸಿಯಂನಲ್ಲಿ ಒಂದು ಮಾತು ವಿಚಾರಿಸಬಹುದಾ? ಅತ್ತೆಗೆ ವಯಸ್ಸಾಗಿದೆ, ಬೇಗ ತಿಳಿದರೆ ಒಳ್ಳೆಯದು. ಗೊತ್ತಿದ್ದವರು ಮೆಸೇಜ್ ಮಾಡಿ, ಮನೆತನದ ಹೆಸರು ಅಲ್ಲೇ ಹೇಳುತ್ತೇನೆ.