ತಾರಸಿಯ ಮಳೆನೀರನ್ನು ಯುಜಿಡಿ (ಒಳಚರಂಡಿ) ಚೇಂಬರ್‌ಗೆ ಬಿಡಬಹುದೇ?

ಪ್ರಶ್ನೆ:
ಬೆಂಗಳೂರಿನಲ್ಲಿ 30-40ರ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ತಾರಸಿಯಿಂದ ಇಳಿಯುವ ಪೈಪನ್ನು ಬಚ್ಚಲಿನ ನೀರು ಹೋಗುವ ಚೇಂಬರ್‌ಗೇ ಸೇರಿಸಿದರೆ ಅಂಗಳದಲ್ಲಿ ನೀರು ನಿಲ್ಲುವುದಿಲ್ಲ, ಬೀದಿಯವರೆಲ್ಲ ಹಾಗೆಯೇ ಮಾಡಿದ್ದಾರೆ ಎನ್ನುತ್ತಾರೆ ಮೇಸ್ತ್ರಿ. ಎರಡೂ ನೀರು ಕೊನೆಗೆ ಒಂದೇ ಮೋರಿಗೆ ಸೇರುವುದಾದರೆ ತಪ್ಪೇನು?

ಉತ್ತರ 1:
ಒಂದೇ ಮೋರಿಗೆ ಸೇರುವುದಿಲ್ಲ, ಸೇರಲೂಬಾರದು. ಬಚ್ಚಲು, ಶೌಚಾಲಯಗಳ ನೀರು ಒಳಚರಂಡಿಯ ಮೂಲಕ ಶುದ್ಧೀಕರಣ ಘಟಕಕ್ಕೆ ಹೋಗಬೇಕು. ಮಳೆನೀರು ರಸ್ತೆಬದಿಯ ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗಬೇಕು. ಲೆಕ್ಕ ಹಾಕಿ ನೋಡಿ. ನಿಮ್ಮ ತಾರಸಿ ಸುಮಾರು 80 ಚದರ ಮೀಟರ್ ಇದ್ದರೆ, ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದಾಗ 4,000 ಲೀಟರ್ ನೀರು ಇಳಿಯುತ್ತದೆ. ತಲೆಗೆ 135 ಲೀಟರಿನಂತೆ ನಾಲ್ವರ ಕುಟುಂಬ ದಿನವಿಡೀ ಬಳಸುವುದು 540 ಲೀಟರ್. ಅಂದರೆ ಏಳು ದಿನಗಳಿಗೂ ಮೀರಿದ ಹೊರೆಯನ್ನು ಒಳಚರಂಡಿಯ ಪೈಪು ಒಂದೇ ಗಂಟೆಯಲ್ಲಿ ಹೊರಬೇಕಾಗುತ್ತದೆ. ಬೀದಿಯವರೆಲ್ಲ ಹಾಗೆ ಮಾಡಿರುವುದರಿಂದಲೇ ಜೋರು ಮಳೆ ಬಂದಾಗ ಮ್ಯಾನ್‌ಹೋಲಿನ ಮುಚ್ಚಳ ಎದ್ದು, ತಗ್ಗಿನ ಮನೆಗಳ ಬಚ್ಚಲಿನಲ್ಲಿ ಕೊಳಚೆ ಉಕ್ಕುತ್ತದೆ. ನಿಮ್ಮ ಮನೆ ಎತ್ತರದಲ್ಲಿದ್ದರೆ ಅದು ನಿಮಗೆ ಕಾಣಿಸುವುದೂ ಇಲ್ಲ.

ಉತ್ತರ 2:
ನಿಯಮದಲ್ಲೂ ಇದಕ್ಕೆ ಅವಕಾಶವಿಲ್ಲ. ಅಲ್ಲದೆ 30-40 ಹಾಗೂ ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಮೊದಲ ಮಳೆಯ ಧೂಳು, ಹಕ್ಕಿಯ ಹಿಕ್ಕೆ ಹೊರಹೋಗುವಂತೆ ಪೈಪಿನ ಬುಡದಲ್ಲಿ ಒಂದು ವಾಲ್ವ್ ಇಡಿಸಿ, ನಂತರದ ನೀರನ್ನು ಸೋಸಿ ಸಂಪಿಗೆ ಬಿಡಿ. ಸಂಪು ತುಂಬಿದ ಮೇಲೆ ಇಂಗುಬಾವಿಗೆ, ಅದೂ ತುಂಬಿದರೆ ಮಾತ್ರ ರಸ್ತೆಯ ಚರಂಡಿಗೆ. ನಮ್ಮ ಹಳೆಯ ಕೆರೆಗಳ ಏರ್ಪಾಡೂ ಇದೇ ಅಲ್ಲವೇ: ಮೇಲಿನ ಕೆರೆ ಕೋಡಿ ಬಿದ್ದ ಮೇಲೆಯೇ ಕೆಳಗಿನ ಕೆರೆಗೆ ನೀರು.

ಪ್ರಶ್ನೆ ಕೇಳಿದವರು:
ಒಪ್ಪಿದೆ. ಆದರೆ ಡಾಂಬರಿನ ಮೇಲೆ ಡಾಂಬರು ಹಾಕಿ ನಮ್ಮ ರಸ್ತೆ ಅಂಗಳಕ್ಕಿಂತ ಎತ್ತರವಾಗಿದೆ. ಚರಂಡಿಗೆ ನೀರು ಹರಿಯುವುದು ಹೇಗೆ?

ಉತ್ತರ 3:
ತಾರಸಿಯ ನೀರಿಗೆ ಆ ಚಿಂತೆಯಿಲ್ಲ. ಇಳಿಪೈಪನ್ನು ನೆಲದವರೆಗೆ ತರದೆ, ಚರಂಡಿಗಿಂತ ಒಂದೆರಡು ಅಡಿ ಮೇಲೆಯೇ ಕಾಂಪೌಂಡಿನ ಉದ್ದಕ್ಕೂ ಇಳಿಜಾರಾಗಿ ತಿರುಗಿಸಿದರೆ ತಾನಾಗಿಯೇ ಹರಿಯುತ್ತದೆ. ಅಂಗಳಕ್ಕೆ ನೇರವಾಗಿ ಬೀಳುವ ಮಳೆಗೆ ಇಂಗುಬಾವಿಯೇ ಗತಿ. ಆದ್ದರಿಂದ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಬೇಡಿ. ಸಂಪಿನ ಬಾಯಿಯನ್ನು ಮಾತ್ರ ರಸ್ತೆಯ ಮಟ್ಟಕ್ಕಿಂತ ಮೇಲಕ್ಕೆ ಕಟ್ಟಿಸಿ, ಇಲ್ಲವಾದರೆ ರಸ್ತೆಯ ನೀರು ಕುಡಿಯುವ ನೀರಿಗೇ ಇಳಿಯುತ್ತದೆ.